ಪದದ ಬಳಗ, ಪದದ ಸಂಗ, ಪದದ ನೆಲೆ



 ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ, ಕನ್ನಡದಲ್ಲಿ ಓದಿ ಬೆಳೆದವರು ಇಂಗ್ಲಿಷಿನ ಉನ್ನತ ಶಬ್ದಸಂಪತ್ತನ್ನು ಗಳಿಸಿಕೊಳ್ಳುವ ಬಗೆ. ಕನ್ನಡ ಮಾಧ್ಯಮದಿಂದ ಪದವಿ ತರಗತಿಗೆ ಬಂದ ವಿದ್ಯಾರ್ಥಿಯ ಕಷ್ಟ ಇಲ್ಲಿರುವ ಅಧ್ಯಾಪಕರಿಗೆಲ್ಲ ಗೊತ್ತು. ಇಂಗ್ಲಿಷ್ ವಾಕ್ಯದ ಕಟ್ಟು ಅವರಿಗೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಗುರುತಿಸುತ್ತಾರೆ. ಆದರೆ ಪುಟಕ್ಕೆ ಇಪ್ಪತ್ತು ಮೂವತ್ತು ಪದಗಳು ಅಪರಿಚಿತವಾಗಿ ಎದುರಾದಾಗ ಓದು ನಿಂತುಹೋಗುತ್ತದೆ. ಬುದ್ಧಿಗೆ ಯಾವ ಕೊರತೆಯೂ ಇಲ್ಲದ ಮಕ್ಕಳು ಪದಗಳ ಕೊರತೆಯಿಂದಲೇ ಹಿಂದೆ ಬೀಳುವುದನ್ನು ನೋಡುವುದು ನೋವಿನ ಸಂಗತಿ.

ನನ್ನ ಮಾತಿನ ಸಾರವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಒಂದು ಪದವನ್ನು ಬಲ್ಲೆ ಎನ್ನಲು ಅದರ ಅರ್ಥವೊಂದೇ ತಿಳಿದಿದ್ದರೆ ಸಾಲದು. ಅದರ ಬಳಗ ಯಾವುದು, ಅದು ಯಾರ ಸಂಗದಲ್ಲಿ ಇರುತ್ತದೆ, ಯಾವ ನೆಲೆಯಲ್ಲಿ ಆಡತಕ್ಕದ್ದು ಎಂಬ ಮೂರೂ ತಿಳಿದಿರಬೇಕು. ಕನ್ನಡವನ್ನು ಗಮನವಿಟ್ಟು ಓದಿದವರಲ್ಲಿ ಈ ಮೂರು ಬಗೆಯ ಅರಿವು ಆಗಲೇ ಇದೆ. ಅದನ್ನು ಪಕ್ಕಕ್ಕಿಟ್ಟು ಇಂಗ್ಲಿಷನ್ನು ಸೊನ್ನೆಯಿಂದ ಕಲಿಯಹೊರಡುವುದು ಇರುವ ಬಂಡವಾಳವನ್ನು ಹೂತಿಟ್ಟು ಸಾಲಕ್ಕೆ ಹೊರಟಂತೆ. ಈ ಮಾತನ್ನು ನಾಲ್ಕು ಭಾಗಗಳಲ್ಲಿ ವಿವರಿಸುತ್ತೇನೆ. ಯಾವ ಪದಗಳನ್ನು ಕಲಿಯಬೇಕು, ಎಷ್ಟು ಕಲಿಯಬೇಕು ಎಂಬುದು ಮೊದಲನೆಯದು. ಪದಗಳ ಬಳಗ ಎರಡನೆಯದು. ಅವುಗಳ ಸಂಗ ಮತ್ತು ನೆಲೆ ಮೂರನೆಯದು. ಕಲಿತದ್ದು ನೆನಪಿನಲ್ಲಿ ಉಳಿದು ಬಳಕೆಗೆ ಒದಗುವ ದಾರಿ ಕೊನೆಯದು.

ಮೊದಲ ಭಾಗಕ್ಕೆ ಬರೋಣ. ಇಂಗ್ಲಿಷಿನ ದೊಡ್ಡ ನಿಘಂಟುಗಳನ್ನು ಕಂಡಾಗ ಕಲಿಯುವವರಿಗೆ ಎದೆಗುಂದುವುದು ಸಹಜ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನಲ್ಲೇ ಸುಮಾರು 42,000 ಪದಗಳಿದ್ದವು. 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು ಅದರ ಹತ್ತು ಪಟ್ಟಿನ ಸಮೀಪಕ್ಕೆ ಬಂದಿತು. ಇಷ್ಟನ್ನೂ ಕಲಿಯಬೇಕೆ ಎಂಬ ಪ್ರಶ್ನೆಗೆ ಸಮಾಧಾನ ಕೊಡುವ ಉತ್ತರ ಹುಟ್ಟಿದ್ದು ನಮ್ಮ ಉಪಖಂಡದ ತರಗತಿಗಳಲ್ಲೇ ಎಂಬುದನ್ನು ನೆನೆಯಬೇಕು. ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ ಅಂದಿನ ಬಂಗಾಳದ ಢಾಕಾದಲ್ಲಿ ಅಧ್ಯಾಪಕರ ತರಬೇತಿಯ ಕೆಲಸದಲ್ಲಿದ್ದರು. ಬಂಗಾಳಿ ಮಕ್ಕಳ ದ್ವಿಭಾಷಾ ಕಲಿಕೆಯನ್ನು ಕುರಿತು 1926ರಲ್ಲಿ ಒಂದು ಮುಖ್ಯ ಗ್ರಂಥವನ್ನು ಹೊರತಂದರು. ಅಲ್ಲಿನ ಮಗುವಿಗೆ ಮೊದಲು ಬೇಕಾದದ್ದು ಓದಿ ತಿಳಿಯುವ ಶಕ್ತಿ ಎಂಬುದು ಅವರ ನಿಲುವು. ಹೆಚ್ಚು ಬಳಕೆಯ ಪದಗಳನ್ನು ಮೊದಲು ಕೊಟ್ಟು, ಹೊಸ ಪದಗಳನ್ನು ವಿರಳವಾಗಿ ತಂದು, ತಂದದ್ದನ್ನು ಮತ್ತೆ ಮತ್ತೆ ಬಳಸುವ ಪಾಠಪುಸ್ತಕಗಳನ್ನು ಅವರು ರಚಿಸಿದರು. ಆ ಚಿಂತನೆ ಬೆಳೆದು 1953ರಲ್ಲಿ ಸುಮಾರು 2,000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’ ಆಗಿ ಪ್ರಕಟವಾಯಿತು. ಸಾಮಾನ್ಯ ಬರಹದ ಬಹುಪಾಲು ಆ ಎರಡು ಸಾವಿರದಲ್ಲೇ ನಡೆಯುತ್ತದೆ.

ಇದು ತಳಪಾಯ. ಉನ್ನತ ಶಿಕ್ಷಣದ ಪದಗಳು ಇದರ ಮೇಲಿನ ಹಂತ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಏವರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ಕ್ಷೇತ್ರಗಳ ಸುಮಾರು 35 ಲಕ್ಷ ಪದಗಳಷ್ಟು ವಿದ್ವತ್ ಬರಹವನ್ನು ಶೋಧಿಸಿ, ಎಲ್ಲ ಕ್ಷೇತ್ರಗಳಿಗೂ ಸಮಾನವಾದ 570 ಪದಕುಟುಂಬಗಳನ್ನು 2000ದಲ್ಲಿ ಪಟ್ಟಿ ಮಾಡಿದರು. ಅನಲೈಸ್, ಕಾನ್ಸೆಪ್ಟ್, ಎವಿಡೆನ್ಸ್, ಸಿಗ್ನಿಫಿಕೆಂಟ್, ಡಿರೈವ್ ಇವೆಲ್ಲ ಅದರಲ್ಲಿವೆ. ವಿದ್ವತ್ ಪುಟದ ಹತ್ತರಲ್ಲಿ ಒಂದು ಪದ ಈ 570 ಕುಟುಂಬಗಳಿಗೆ ಸೇರಿದ್ದೆಂದು ಅವರು ತೋರಿಸಿಕೊಟ್ಟರು. ಪದಕುಟುಂಬ ಎಂದರೆ ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಇವೆಲ್ಲ ಸೇರಿ ಒಂದು ಲೆಕ್ಕ.

ಅದೇ ನ್ಯೂಜಿಲೆಂಡಿನ ಪಾಲ್ ನೇಷನ್ ಅವರು 2006ರಲ್ಲಿ ಇನ್ನೊಂದು ಅಳತೆಯನ್ನು ಕೊಟ್ಟರು. ಕಾದಂಬರಿಯನ್ನೋ ದಿನಪತ್ರಿಕೆಯನ್ನೋ ಯಾರ ನೆರವೂ ಇಲ್ಲದೆ ಓದಬೇಕಾದರೆ ಅದರ ನೂರಕ್ಕೆ 98 ಪದಗಳು ತಿಳಿದಿರಬೇಕು, ಅದಕ್ಕೆ ಎಂಟು ಒಂಬತ್ತು ಸಾವಿರ ಪದಕುಟುಂಬಗಳ ಪರಿಚಯ ಬೇಕು ಎಂಬುದು ಆ ಅಳತೆ. ನೂರಕ್ಕೆ 95 ತಿಳಿದರೆ ಸಾಲದೆ ಎಂದು ಕೇಳಬಹುದು. ಮುನ್ನೂರು ಪದಗಳ ಪುಟದಲ್ಲಿ 95 ಎಂದರೆ ಹದಿನೈದು ಕಡೆ ತಡೆ, 98 ಎಂದರೆ ಆರು ಕಡೆ ಮಾತ್ರ. ಹದಿನೈದು ಕಡೆ ಎಡವುವವರಿಗೆ ಸಂದರ್ಭದಿಂದ ಅರ್ಥವನ್ನು ಊಹಿಸುವುದೂ ಕಷ್ಟ. ಊಹೆಗೆ ಆಧಾರವಾಗಬೇಕಾದ ಅಕ್ಕಪಕ್ಕದ ಪದವೇ ಅಪರಿಚಿತವಾಗಿರುತ್ತದೆ.

ಎಂಟು ಸಾವಿರ ಎಂಬ ಸಂಖ್ಯೆಗೆ ಹೆದರಬೇಕಾಗಿಲ್ಲ. ಮೂರು ಸಾವಿರ ಪದಕುಟುಂಬಗಳನ್ನು ಬಲ್ಲ ವಿದ್ಯಾರ್ಥಿ ದಿನಕ್ಕೆ ಮೂರರಂತೆ ಕಲಿಯುತ್ತ ಹೋದರೆ ಐದು ವರ್ಷಗಳಲ್ಲಿ ಸುಮಾರು 5,500 ಸೇರುತ್ತವೆ. ಪದವಿ ಮತ್ತು ಸ್ನಾತಕೋತ್ತರ ಪದವಿ ಮುಗಿಯುವ ಹೊತ್ತಿಗೆ ಗುರಿ ಮುಟ್ಟಬಹುದು. ಆಯ್ಕೆಯ ವಿವೇಕ ಮಾತ್ರ ಬೇಕು. ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ವರ್ಷಕ್ಕೊಮ್ಮೆಯೂ ಕಣ್ಣಿಗೆ ಬೀಳದ ವಿರಳ ಪದಗಳ ಪಟ್ಟಿಗಳಿರುತ್ತವೆ. ಎವಿಡೆನ್ಸ್ ಎಂಬ ಪದವನ್ನು ಸರಿಯಾಗಿ ಬಳಸಲು ಬಾರದವರು ಅಂಥ ಪಟ್ಟಿಯನ್ನು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಹೆಚ್ಚು ಬಳಕೆಯದು ಮೊದಲು, ವಿದ್ವತ್ತಿನ ಸಾಮಾನ್ಯ ಪದ ಆಮೇಲೆ, ತಮ್ಮ ಶಾಸ್ತ್ರದ ಪಾರಿಭಾಷಿಕ ಪದ ಅದರ ಜೊತೆಗೆ. ಈ ಅನುಕ್ರಮವನ್ನು ತಪ್ಪಿಸಬಾರದು.

ಎಷ್ಟು ಎಂಬ ಪ್ರಶ್ನೆಯಿಂದ ಈಗ ಎರಡನೆಯ ಭಾಗಕ್ಕೆ, ಪದಗಳ ಬಳಗಕ್ಕೆ ಹೋಗೋಣ. ಇಂಗ್ಲಿಷ್ ಪದಸಂಪತ್ತು ಪದರು ಪದರಾಗಿ ಬೆಳೆದದ್ದು. ತಳದಲ್ಲಿ ಹಳೆಯ ಇಂಗ್ಲಿಷಿನ ಮನೆಮಾತಿನ ಪದಗಳಿವೆ: ವಾಟರ್, ಹೌಸ್, ಈಟ್, ಸ್ಲೀಪ್. ಉತ್ತರದ ಸಮುದ್ರ ದಾಟಿ ಬಂದ ಸ್ಕ್ಯಾಂಡಿನೇವಿಯದವರು ಸ್ಕೈ, ಎಗ್, ನೈಫ್ ಮುಂತಾದವನ್ನು ಬಿಟ್ಟುಹೋದರು. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತ, ನ್ಯಾಯ, ತೆರಿಗೆಗಳ ಪದಗಳು ಫ್ರೆಂಚಿನಿಂದ ಬಂದವು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನ 1362ರಲ್ಲಿ ಬಂದಿತಾದರೂ ಪದಗಳು ಫ್ರೆಂಚಿನವೇ ಉಳಿದವು. ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರೂ ಆಡುವ ಕೋರ್ಟು, ಜಡ್ಜು, ಅಪೀಲು, ವಾರಂಟು ಇವು ಹಾಗೆ ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವು. ಮುಂದೆ ವಿದ್ಯಾಪುನರುಜ್ಜೀವನದ ಕಾಲದಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಪದಗಳು ವಿದ್ವಾಂಸರ ಲೇಖನಿಯ ಮೂಲಕ ದೊಡ್ಡ ಪ್ರಮಾಣದಲ್ಲಿ ಸೇರಿಕೊಂಡವು. ಉನ್ನತ ಶಬ್ದಸಂಪತ್ತು ಎಂದು ನಾವು ಕರೆಯುವುದರ ಬಹುಭಾಗ ಈ ಕೊನೆಯ ಎರಡು ಪದರುಗಳಲ್ಲಿದೆ.

ಇಂಥ ಪದರುಗಳು ಕನ್ನಡಿಗರಿಗೆ ಹೊಸತಲ್ಲ. ನಮ್ಮ ಭಾಷೆಯಲ್ಲೂ ದೇಶ್ಯ, ತದ್ಭವ, ತತ್ಸಮಗಳಿವೆ. ಕೇಶಿರಾಜನ ‘ಶಬ್ದಮಣಿದರ್ಪಣ’ ಹದಿಮೂರನೆಯ ಶತಮಾನದಲ್ಲೇ ಇವುಗಳ ವ್ಯವಸ್ಥೆಯನ್ನು ಕಟ್ಟಿಕೊಟ್ಟಿತು. ಆಡಳಿತ ಬದಲಾದಾಗ ತಹಶೀಲ್ದಾರ, ದರಖಾಸ್ತು, ಜಮೀನು, ಜಾಮೀನು ಮುಂತಾದ ಪಾರ್ಸಿ-ಅರಬ್ಬಿ ಮೂಲದ ಪದಗಳು ನಮ್ಮಲ್ಲೂ ನೆಲೆಯೂರಿದವು. ನೀರು ಎಂಬ ಪದವಿದ್ದೂ ಜಲಾಶಯ, ಜಲಸಂಪನ್ಮೂಲ ಎಂಬಲ್ಲಿ ಜಲವೇ ಏಕೆ ಬರುತ್ತದೆ ಎಂದು ಯೋಚಿಸಿದ ಕನ್ನಡ ವಿದ್ಯಾರ್ಥಿಗೆ, ವಾಟರ್ ಇದ್ದೂ ಅಕ್ವೇರಿಯಂ ಮತ್ತು ಹೈಡ್ರಾಲಿಕ್ಸ್ ಏಕೆ ಬೇಕಾದವು ಎಂಬುದನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ. ಅಕ್ವ ಲ್ಯಾಟಿನ್ನಿನದು, ಹೈಡ್ರೊ ಗ್ರೀಕಿನದು. ಎರಡೂ ನೀರೇ.

ಪದದ ಒಳರಚನೆಯಲ್ಲೂ ಇದೇ ಅನುಕೂಲವಿದೆ. ಧಾತು ಒಂದೇ ಇದ್ದು ಉಪಸರ್ಗ ಬದಲಾದಂತೆ ಅರ್ಥ ಬದಲಾಗುವುದಕ್ಕೆ ನಮ್ಮ ವ್ಯಾಕರಣ ಪಾಠಗಳಲ್ಲಿ ಪರಂಪರೆಯಿಂದ ಬಂದ ಉದಾಹರಣೆಯಿದೆ: ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಇದನ್ನು ಬಲ್ಲವರು ಲ್ಯಾಟಿನ್ ಮೂಲದ ಪದಗಳ ಹೊಸ್ತಿಲು ದಾಟಿದ್ದಾರೆ. ನೋಡು ಎಂಬ ಅರ್ಥದ ‘ಸ್ಪೆಕ್’ ಧಾತುವನ್ನು ತೆಗೆದುಕೊಳ್ಳಿ. ಒಳಹೊಕ್ಕು ನೋಡುವುದು ಇನ್‌ಸ್ಪೆಕ್ಟ್, ಹಿಂದಿರುಗಿ ನೋಡುವುದು ರೆಟ್ರೊಸ್ಪೆಕ್ಟ್, ಮುಂದಕ್ಕೆ ನೋಡುವುದು ಪ್ರಾಸ್ಪೆಕ್ಟ್, ಅಡಿಯಿಂದ ನೋಡುವುದು, ಎಂದರೆ ಶಂಕೆಯಿಂದ ನೋಡುವುದು, ಸಸ್ಪೆಕ್ಟ್. ಸುತ್ತಲೂ ನೋಡಿ ನಡೆಯುವವರು ಸರ್ಕಮ್‌ಸ್ಪೆಕ್ಟ್. ಐದು ಪದಗಳನ್ನು ಬೇರೆ ಬೇರೆಯಾಗಿ ಉರುಹೊಡೆಯುವ ಬದಲು ಒಂದು ಧಾತು, ಐದು ಉಪಸರ್ಗ ಎಂದು ಗ್ರಹಿಸಿದರೆ, ಆ ಉಪಸರ್ಗಗಳು ನೂರಾರು ಕಡೆ ಕೆಲಸಕ್ಕೆ ಬರುತ್ತವೆ.

ಸಂಧಿಯ ವಿಚಾರವೂ ಹಾಗೆಯೇ. ಉತ್ ಮತ್ತು ಲೇಖ ಸೇರಿದಾಗ ಉಲ್ಲೇಖವಾಗುತ್ತದೆ, ಉತ್ ಮತ್ತು ನತಿ ಸೇರಿದಾಗ ಉನ್ನತಿಯಾಗುತ್ತದೆ. ನಿಷೇಧಾರ್ಥದ ‘ಇನ್’ ಎಂಬ ಲ್ಯಾಟಿನ್ ಉಪಸರ್ಗ ಲಕಾರದ ಮುಂದೆ ಇಲ್ಲೀಗಲ್ ಎಂದೂ ಪಕಾರದ ಮುಂದೆ ಇಂಪಾಸಿಬಲ್ ಎಂದೂ ರೇಫದ ಮುಂದೆ ಇರ್ರೆಗ್ಯುಲರ್ ಎಂದೂ ಬದಲಾಗುವುದು ಇದೇ ಬಗೆಯ ವರ್ಣವಿಕಾರ. ಇಂಗ್ಲಿಷ್ ಕಾಗುಣಿತದ ಎಷ್ಟೋ ಇಮ್ಮಡಿ ಅಕ್ಷರಗಳ ಕಾರಣ ಇಲ್ಲಿ ತಿಳಿಯುತ್ತದೆ. ಸಂಧಿಪ್ರಕರಣವನ್ನು ಅಂಕಗಳಿಗಾಗಿ ಓದಿ ಮರೆತ ವಿದ್ಯಾರ್ಥಿಗೆ ಅದು ಇನ್ನೊಂದು ಭಾಷೆಯ ಬಾಗಿಲನ್ನು ತೆರೆಯಬಲ್ಲದೆಂದು ಯಾರಾದರೂ ಹೇಳಬೇಕು.

ರಚನೆಯ ಸಾಮ್ಯಕ್ಕಿಂತ ಆಳವಾದ ನಂಟೂ ಒಂದಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದವೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಉಪನ್ಯಾಸದಲ್ಲಿ ಪ್ರತಿಪಾದಿಸಿದರು. ಕನ್ನಡ ದ್ರಾವಿಡ ಭಾಷೆ. ಆದರೆ ನಾವು ಸಾವಿರಾರು ಸಂಸ್ಕೃತ ಪದಗಳನ್ನು ನಮ್ಮವನ್ನಾಗಿ ಮಾಡಿಕೊಂಡಿರುವುದರಿಂದ ಆ ನಂಟಿನ ಫಲ ನಮಗೂ ದೊರೆತಿದೆ. ದಂತ ಬಲ್ಲವರಿಗೆ ಡೆಂಟಲ್, ಪಾದ ಬಲ್ಲವರಿಗೆ ಪೆಡೆಸ್ಟ್ರಿಯನ್, ನವ ಬಲ್ಲವರಿಗೆ ಇನೊವೇಷನ್, ಅಗ್ನಿ ಬಲ್ಲವರಿಗೆ ಇಗ್ನೈಟ್, ಜ್ಞಾನ ಬಲ್ಲವರಿಗೆ ಕಾಗ್ನಿಟಿವ್ ಪೂರ್ತಿ ಅಪರಿಚಿತವಲ್ಲ. ದಿನಕ್ಕೆ ಹತ್ತು ಸಲ ನಾವಾಡುವ ‘ಸ್ಪಷ್ಟ’ ಎಂಬ ಪದ, ಈಗ ತಾನೇ ಹೇಳಿದ ಸ್ಪೆಕ್ ಧಾತುವಿನ ಸೋದರ ಧಾತುವಿನಿಂದ ಬಂದದ್ದು. ಕಣ್ಣಿಗೆ ಚೆನ್ನಾಗಿ ಕಂಡದ್ದು ಸ್ಪಷ್ಟ.

ಇಲ್ಲಿ ಎರಡು ಎಚ್ಚರಿಕೆಯ ಮಾತು ಅಗತ್ಯ. ಧ್ವನಿ ಹೋಲಿದ ಮಾತ್ರಕ್ಕೆ ಪದಗಳು ಬಂಧುಗಳಾಗುವುದಿಲ್ಲ. ಇಂಗ್ಲಿಷಿನ ‘ಡೇ’ ಮತ್ತು ಅದೇ ಅರ್ಥದ ಲ್ಯಾಟಿನ್ನಿನ ‘ಡಿಯೆಸ್’ ನೋಡಲು ಒಂದೇ ಬಳಗದಂತಿದ್ದರೂ ಬೇರೆ ಬೇರೆ ಮೂಲದವು. ಅವಯವಗಳನ್ನು ಕೂಡಿಸಿದ ಮಾತ್ರಕ್ಕೆ ಅರ್ಥ ಯಾವಾಗಲೂ ಸಿಗುವುದೂ ಇಲ್ಲ. ಇನ್‌ಫ್ಲೇಮಬಲ್ ಎಂದರೆ ಉರಿಯದ್ದು ಎಂದು ಊಹಿಸಿದರೆ ಅಪಾಯ. ಅದರ ಅರ್ಥ ಬೇಗ ಹೊತ್ತಿಕೊಳ್ಳುವಂಥದ್ದು. ಬಳಗದ ತಿಳಿವಳಿಕೆ ಊಹೆಗೆ ದಾರಿ ತೋರಿಸುತ್ತದೆ. ಊಹೆ ಸರಿಯೇ ಎಂದು ನಿಘಂಟಿನಲ್ಲಿ ನೋಡಿಕೊಳ್ಳುವ ಕೆಲಸ ಉಳಿದೇ ಇರುತ್ತದೆ.

ನಿಘಂಟಿನ ಮಾತು ಬಂದದ್ದರಿಂದ ಮೂರನೆಯ ಭಾಗಕ್ಕೆ ಬರುತ್ತೇನೆ. ಪದದ ಸಂಗ ಎಂದರೇನು? ಕನ್ನಡದಲ್ಲಿ ಬಡತನ ವಿಪರೀತವಾದರೆ ಕಡುಬಡತನ, ನಿದ್ರೆ ಆಳವಾದರೆ ಗಾಢ ನಿದ್ರೆ, ತಪಸ್ಸು ತೀವ್ರವಾದರೆ ಘೋರ ತಪಸ್ಸು, ಬಿಸಿಲು ಹೆಚ್ಚಾದರೆ ಸುಡುಬಿಸಿಲು. ಘೋರ ಬಿಸಿಲು, ಗಾಢ ಬಡತನ ಎಂದರೆ ಅರ್ಥವಾಗದೇ ಇರುವುದಿಲ್ಲ, ಆದರೆ ಕಿವಿ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲೂ ಮಳೆ ಹೆವಿ, ಚಹಾ ಸ್ಟ್ರಾಂಗ್, ನಿದ್ರೆ ಸೌಂಡ್, ಬಡತನ ಅಬ್ಜೆಕ್ಟ್. ಈ ಅಬ್ಜೆಕ್ಟ್ ಎಂಬುದು ಪಾವರ್ಟಿ, ಮಿಸರಿ, ಫೇಲ್ಯೂರ್ ಇಂಥವುಗಳ ಜೊತೆಗೇ ಇರುತ್ತದೆ. ಸಂತೋಷದ ಪಕ್ಕಕ್ಕೆ ಅದನ್ನು ತಂದು ಕೂರಿಸಲಾಗದು. ಕಮಿಟ್ ಎಂಬ ಕ್ರಿಯಾಪದ ‘ಮಾಡು’ ಎಂಬ ಅರ್ಥದಲ್ಲಿ ಕ್ರೈಮ್, ಫ್ರಾಡ್, ಎರರ್ ಇವುಗಳನ್ನು ಬಯಸುತ್ತದೆ, ಒಳ್ಳೆಯ ಕೆಲಸಕ್ಕೆ ಒಗ್ಗುವುದಿಲ್ಲ. ಅರ್ಥವನ್ನಷ್ಟೇ ಪಟ್ಟಿಯಿಂದ ಕಲಿತವರು ಇಂಥ ಕಡೆಗಳಲ್ಲೇ ತಪ್ಪುತ್ತಾರೆ. ಅವರ ವಾಕ್ಯದಲ್ಲಿ ವ್ಯಾಕರಣದೋಷವಿರುವುದಿಲ್ಲ, ಆದರೂ ಅದು ಪರಕೀಯವಾಗಿ ಕೇಳಿಸುತ್ತದೆ.

ಪದವನ್ನು ಅದರ ಸಹವಾಸದಿಂದ ಅರಿಯಬೇಕೆಂಬ ತತ್ತ್ವವನ್ನು ಭಾಷಾವಿಜ್ಞಾನದಲ್ಲಿ ಪ್ರತಿಷ್ಠಾಪಿಸಿದವರು ಜೆ. ಆರ್. ಫರ್ತ್. ಅವರು ಲಂಡನ್ನಿನ ಪ್ರಾಧ್ಯಾಪಕರಾಗುವ ಮೊದಲು ಲಾಹೋರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಕಲಿಯುವವರಿಗಾಗಿಯೇ ರಚಿತವಾದ ಪ್ರಸಿದ್ಧ ನಿಘಂಟು ಎ. ಎಸ್. ಹಾರ್ನ್‌ಬಿ ಮತ್ತು ಅವರ ಸಂಗಡಿಗರದು. ಅದು ಮೊದಲು ಪ್ರಕಟವಾದದ್ದು 1942ರಲ್ಲಿ ಟೋಕಿಯೊದಲ್ಲಿ, ಜಪಾನಿ ವಿದ್ಯಾರ್ಥಿಗಳಿಗಾಗಿ. ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು 1948ರಲ್ಲಿ ತನ್ನದಾಗಿ ಹೊರತಂದಿತು. ಢಾಕಾ, ಲಾಹೋರ್, ಟೋಕಿಯೊ ಈ ಊರುಗಳನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಇಂಗ್ಲಿಷ್ ಪದ ಕಲಿಕೆಯ ಶಾಸ್ತ್ರವನ್ನು ಬೆಳೆಸಿದ್ದು ಬಹುಮಟ್ಟಿಗೆ ನಮ್ಮಂಥ ಕಲಿಯುವವರ ಪ್ರಶ್ನೆಗಳು. ಅದಕ್ಕೆ ನಾವು ಹೊರಗಿನವರಲ್ಲ.

ಕಲಿಯುವವರ ನಿಘಂಟನ್ನು ಬಳಸುವ ಕ್ರಮವನ್ನೂ ಕಲಿಸಬೇಕು. ನಮ್ಮ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಪದ ಹುಡುಕಿ, ಮೊದಲು ಕಂಡ ಕನ್ನಡ ಅರ್ಥವನ್ನು ಬರೆದುಕೊಂಡು ಮುಂದೆ ಹೋಗುತ್ತಾರೆ. ಇಂಗ್ಲಿಷ್-ಕನ್ನಡ ನಿಘಂಟು ಬೇಕು, ಅದು ಅರ್ಥದ ಮೊದಲ ಬೆಳಕು. ಅದಾದ ಮೇಲೆ ಕಲಿಯುವವರ ನಿಘಂಟಿನಲ್ಲಿ ಉದಾಹರಣೆ ವಾಕ್ಯಗಳನ್ನು ಓದಬೇಕು. ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ 1987ರಲ್ಲಿ ಬಂದ ಕೊಬಿಲ್ಡ್ ನಿಘಂಟು ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳಿತು. ಪದ ಸಹಜವಾಗಿ ವಾಕ್ಯದಲ್ಲಿ ಹೇಗೆ ಕೂರುತ್ತದೋ ಹಾಗೆಯೇ ಅದನ್ನು ತೋರಿಸಬೇಕೆಂಬುದು ಅದರ ಹಿಂದಿನ ವಿಚಾರ. ಜಾನ್ಸನ್ ಅವರ ನಿಘಂಟಿನ ಜೀವಾಳವೂ ಅದರಲ್ಲಿದ್ದ ಒಂದು ಲಕ್ಷಕ್ಕೂ ಮಿಕ್ಕ ಉದಾಹರಣೆಗಳೇ.

ನಮ್ಮ ನಾಡಿನಲ್ಲಿ ಇದಕ್ಕೊಂದು ಉಜ್ವಲ ಮಾದರಿಯಿದೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ ಜರ್ಮನಿಯವರು. ಕನ್ನಡ ಅವರಿಗೆ ಪೂರ್ತಿ ಪರಭಾಷೆ. ಅವರು ಹಳಗನ್ನಡ ಕಾವ್ಯಗಳನ್ನು ಓದಿದರು, ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, ಪಂಡಿತರ ನೆರವು ಪಡೆದರು, ಜನರ ಬಾಯಲ್ಲಿದ್ದ ಗಾದೆಗಳನ್ನು ಸಂಗ್ರಹಿಸಿದರು. 1894ರಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದರೆ ಪದದ ಪಕ್ಕದಲ್ಲಿ ಅದು ಬರುವ ಕಾವ್ಯ, ಅದು ಬರುವ ಗಾದೆ ಕಾಣಿಸುತ್ತವೆ. ಪರಭಾಷೆಯ ಪದಸಂಪತ್ತನ್ನು ಗಳಿಸುವುದಕ್ಕೆ ಕಿಟೆಲ್ ಅವರಿಗಿಂತ ದೊಡ್ಡ ಉದಾಹರಣೆಯನ್ನು ಹುಡುಕಿಕೊಂಡು ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಅವರು ಕನ್ನಡಕ್ಕಾಗಿ ಮಾಡಿದ್ದನ್ನು ನಾವು ನಮ್ಮ ಅಳತೆಯಲ್ಲಿ ಇಂಗ್ಲಿಷಿಗಾಗಿ ಮಾಡಬಹುದು.

ಸಂಗದ ಜೊತೆಗೇ ನೆಲೆಯ ಮಾತು ಸೇರಿಕೊಳ್ಳುತ್ತದೆ. ಬಿಗಿನ್, ಕಮೆನ್ಸ್, ಇನಿಷಿಯೇಟ್ ಮೂರಕ್ಕೂ ಆರಂಭಿಸು ಎಂಬ ಅರ್ಥವೇ. ಮೊದಲನೆಯದು ಮನೆಯ ಮಾತು, ಎರಡನೆಯದು ಸಮಾರಂಭದ ಮಾತು, ಮೂರನೆಯದು ಕಚೇರಿಯ ಮಾತು. ಮನೆಯಲ್ಲಿ ಒಂದು ಲೋಟ ಜಲ ಕೊಡಿ ಎಂದು ಯಾರೂ ಕೇಳುವುದಿಲ್ಲವಷ್ಟೆ. ಯಾವ ಪದ ಯಾವ ಎಡೆಗೆ ಎಂಬ ಚರ್ಚೆ ಕನ್ನಡದಲ್ಲಿ ಬಹಳ ಹಳೆಯದು. ‘ಧರ್ಮಾಮೃತ’ದ ನಯಸೇನ ಹನ್ನೆರಡನೆಯ ಶತಮಾನದ ಆರಂಭದಲ್ಲೇ ಕನ್ನಡದಲ್ಲಿ ಸಂಸ್ಕೃತವನ್ನು ಬೇಕಾಬಿಟ್ಟಿಯಾಗಿ ಬೆರೆಸುವುದನ್ನು ಆಕ್ಷೇಪಿಸಿದ. ಆಂಡಯ್ಯ ತತ್ಸಮಗಳನ್ನು ಬಿಟ್ಟು ‘ಕಬ್ಬಿಗರ ಕಾವ’ವನ್ನು ಬರೆದ. ಹೊಂದದ ಪದಗಳನ್ನು ಸಮಾಸ ಮಾಡಿದರೆ ಅದು ಅರಿಸಮಾಸ ಎಂದು ನಮ್ಮ ವ್ಯಾಕರಣ ಎಚ್ಚರಿಸಿತು. ವಚನಕಾರರು ಆಡುಮಾತಿನಲ್ಲೇ ಅತ್ಯಂತ ಗಹನವಾದ ಅನುಭವವನ್ನು ಹೇಳಿದರು. ಇಂಗ್ಲಿಷಿನಲ್ಲಿ ಜಾರ್ಜ್ ಆರ್ವೆಲ್ 1946ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಚಿಕ್ಕ ಪದ ಸಾಕಾಗುವಲ್ಲಿ ದೊಡ್ಡ ಪದವನ್ನು ಬಳಸಬಾರದೆಂದು ಒತ್ತಿ ಹೇಳಿದರು.

ಆದ್ದರಿಂದ ಉನ್ನತ ಶಬ್ದಸಂಪತ್ತು ಎಂದರೆ ಉದ್ದನೆಯ ಪದಗಳ ಪ್ರದರ್ಶನ ಎಂದು ಯಾರೂ ತಿಳಿಯಬಾರದು. ಹತ್ತಿರ ಹತ್ತಿರದ ಅರ್ಥಗಳ ನಡುವಿನ ಸೂಕ್ಷ್ಮ ಭೇದವನ್ನು ಅರಿತು ಎಡೆಗೆ ತಕ್ಕದ್ದನ್ನು ಆರಿಸುವ ಶಕ್ತಿಯೇ ಉನ್ನತಿ. ಮಿತವ್ಯಯಿ, ಜಿಪುಣ ಎಂಬೆರಡು ಪದಗಳ ಅಂತರವನ್ನು ಬಲ್ಲವರಿಗೆ ಥ್ರಿಫ್ಟಿ, ಸ್ಟಿಂಜಿ ಪದಗಳ ಅಂತರ ಹೇಳಿದೊಡನೆ ಹಿಡಿಸುತ್ತದೆ. ತನ್ನ ಭಾಷೆಯಲ್ಲಿ ಆ ಅಂತರವನ್ನು ಗಮನಿಸದೆ ಬೆಳೆದವರಿಗೆ ಇನ್ನೊಂದು ಭಾಷೆಯಲ್ಲಿ ಅದನ್ನು ಕಲಿಸುವುದು ಬಹಳ ಕಷ್ಟ. ಇಂಗ್ಲಿಷ್ ಬರಲೆಂದು ಮಕ್ಕಳಿಂದ ಕನ್ನಡ ಪುಸ್ತಕಗಳನ್ನು ದೂರವಿಡುವ ತಂದೆತಾಯಿಯರು ಈ ಮಾತನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಕೊನೆಯ ಭಾಗ. ತಿಳಿದ ಪದವನ್ನು ಉಳಿಸಿಕೊಳ್ಳುವುದು ಹೇಗೆ, ಬಾಯಿಗೂ ಲೇಖನಿಗೂ ಒದಗುವಂತೆ ಮಾಡಿಕೊಳ್ಳುವುದು ಹೇಗೆ? ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ. ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವನ ಮುಖ್ಯ ಶೋಧ. ಅಂತರ ಬಿಟ್ಟು ಮತ್ತೆ ಮತ್ತೆ ಓದಿದರೆ, ಒಂದೇ ಕೂಟದಲ್ಲಿ ಅಷ್ಟೇ ಸಲ ಓದಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂಬುದೂ ಅಲ್ಲಿ ಕಂಡುಬಂದಿತು. ಪರೀಕ್ಷೆಯ ಹಿಂದಿನ ರಾತ್ರಿ ನೂರು ಪದಗಳನ್ನು ಓದುವವರಿಗೆ ಅವು ಏಕೆ ದಕ್ಕುವುದಿಲ್ಲ ಎಂಬುದಕ್ಕೆ ಕಾರಣ ಇದೇ. ಇವತ್ತು ಕಂಡ ಪದವನ್ನು ನಾಳೆ, ಮೂರು ದಿನದ ಮೇಲೆ, ವಾರದ ಮೇಲೆ, ತಿಂಗಳ ಮೇಲೆ ನೋಡಬೇಕು. ನೋಡುವಾಗಲೂ ಅರ್ಥವನ್ನು ಮುಚ್ಚಿಟ್ಟು ಮೊದಲು ನೆನಪಿಸಿಕೊಳ್ಳಬೇಕು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕಾಗಿ ಚೀಟಿಗಳ ಪೆಟ್ಟಿಗೆಯ ವಿಧಾನವನ್ನು ಪ್ರಚಾರಕ್ಕೆ ತಂದರು. ನೆನಪಾದ ಪದದ ಚೀಟಿ ಮುಂದಿನ ಖಾನೆಗೆ, ಮರೆತ ಪದದ ಚೀಟಿ ಮೊದಲ ಖಾನೆಗೆ. ಇಂದಿನ ಮೊಬೈಲ್ ಆ್ಯಪ್‌ಗಳು ಮಾಡುವುದೂ ಅದನ್ನೇ.

ಕಂಠಪಾಠದ ಮಾತೆತ್ತಿದ ಮೇಲೆ ನಮ್ಮ ಕೋಶಪರಂಪರೆಯನ್ನು ನೆನೆಯದಿರುವುದು ಸಾಧ್ಯವಿಲ್ಲ. ಅಮರಸಿಂಹನ ‘ಅಮರಕೋಶ’ ಪದಗಳನ್ನು ಅಕಾರಾದಿಯಾಗಿ ಕೊಡುವುದಿಲ್ಲ. ಸ್ವರ್ಗ, ಭೂಮಿ, ಊರು, ಪರ್ವತ, ವನಸ್ಪತಿ ಹೀಗೆ ವಿಷಯವಾರು ವರ್ಗಗಳಲ್ಲಿ, ಛಂದಸ್ಸಿನಲ್ಲಿ, ಸಮಾನಾರ್ಥಕಗಳ ಗುಂಪಾಗಿ ಕೊಡುತ್ತದೆ. 1852ರಲ್ಲಿ ಲಂಡನ್ನಿನಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು ಇಂಗ್ಲಿಷ್ ಪದಗಳನ್ನು ಭಾವಗಳ ಅನುಕ್ರಮದಲ್ಲಿ ವರ್ಗೀಕರಿಸಿ ‘ಥಿಸಾರಸ್’ ಪ್ರಕಟಿಸಿದರು. ಅದರ ಪೀಠಿಕೆಯಲ್ಲಿ, ಇಂಥ ಪ್ರಯತ್ನಗಳಲ್ಲಿ ತಮಗೆ ತಿಳಿದ ಅತಿ ಹಳೆಯದೆಂದು ಅವರು ಹೆಸರಿಸುವುದು ‘ಅಮರಕೋಶ’ವನ್ನೇ. ಕೋಲ್‌ಬ್ರೂಕ್ ಅವರ ಅನುವಾದದೊಂದಿಗೆ ಅದು 1808ರಲ್ಲಿ ಸೆರಾಂಪುರದಲ್ಲಿ ಅಚ್ಚಾಗಿತ್ತು. ಕನ್ನಡದಲ್ಲೂ ನಾಗವರ್ಮನ ‘ವಸ್ತುಕೋಶ’, ಅಭಿನವ ಮಂಗರಾಜನ ‘ಅಭಿನವಾಭಿಧಾನ’ ಸಂಸ್ಕೃತ ಪದಗಳಿಗೆ ಕನ್ನಡ ಅರ್ಥ ಕೊಟ್ಟವು. ಪರಭಾಷೆಯ ಪದಗಳನ್ನು ವ್ಯವಸ್ಥಿತವಾಗಿ ಕಲಿಯುವ ವಿದ್ಯೆ ಈ ನೆಲದಲ್ಲಿ ಶತಮಾನಗಳಿಂದ ನಡೆದುಬಂದದ್ದು.

ಆದರೆ ಕೋಶವನ್ನು ಕಂಠಸ್ಥ ಮಾಡಿದ ಹಿಂದಿನ ವಿದ್ಯಾರ್ಥಿ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಅದೇ ಕಾಲಕ್ಕೆ ಕಾವ್ಯವನ್ನೂ ಓದುತ್ತಿದ್ದ. ಕಲಿತ ಪದ ಕಾವ್ಯದಲ್ಲಿ ಎದುರಾಗಿ ಗಟ್ಟಿಯಾಗುತ್ತಿತ್ತು. ಇಂದಿನ ವಿದ್ಯಾರ್ಥಿಗೂ ಈ ಜೋಡಿ ಬೇಕು. ಒಂದು ಕಡೆ ಚೀಟಿಗಳ ಅಭ್ಯಾಸ, ಇನ್ನೊಂದು ಕಡೆ ನಿತ್ಯದ ಓದು. ತನ್ನ ಮಟ್ಟಕ್ಕಿಂತ ತುಸುವೇ ಮೇಲಿನ ಪುಸ್ತಕವನ್ನು ಆರಿಸಿಕೊಂಡು ದಿನಕ್ಕೆ ಅರ್ಧ ಗಂಟೆ ಓದಬೇಕು. ಒಂದೇ ಲೇಖಕನ ಎರಡು ಮೂರು ಪುಸ್ತಕ, ಅಥವಾ ಒಂದೇ ವಿಷಯದ ಹಲವು ಲೇಖನಗಳನ್ನು ಸಾಲಾಗಿ ಓದಿದರೆ ಅವೇ ಪದಗಳು ಮತ್ತೆ ಮತ್ತೆ ಬರುತ್ತವೆ. ಕ್ರಿಕೆಟ್ ಇಷ್ಟಪಡುವವರು ಕ್ರಿಕೆಟ್ ಬರಹವನ್ನೂ ಕೃಷಿಯಲ್ಲಿ ಆಸಕ್ತರು ಕೃಷಿ ಬರಹವನ್ನೂ ಓದಲಿ. ಆಸಕ್ತಿ ಇದ್ದಲ್ಲಿ ಪದ ಬೇಗ ನಿಲ್ಲುತ್ತದೆ.

ಓದಿನಿಂದ ಬಂದ ಪದ ಬರಹಕ್ಕೆ ಇಳಿಯುವುದು ಇನ್ನೊಂದು ಮೆಟ್ಟಿಲು. ಇದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಸಾಧನೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ನಾನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಬಾಸ್ಟನ್ನಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಆ ಹುಡುಗನಿಗೆ ಶಾಲೆ ದೊರೆತದ್ದು ಬಹಳ ಕಡಿಮೆ. ‘ಸ್ಪೆಕ್ಟೇಟರ್’ ಪತ್ರಿಕೆಯ ಪ್ರಬಂಧಗಳನ್ನು ಓದಿ, ಪ್ರತಿ ವಾಕ್ಯದ ಭಾವವನ್ನು ಚಿಕ್ಕದಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಬರೆದು, ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ಪದಗಳ ದಾಸ್ತಾನು ಸಾಲದೆಂದು ಅರಿವಾದಾಗ ಕೆಲವು ಕಥೆಗಳನ್ನು ಪದ್ಯಕ್ಕೆ ತಿರುಗಿಸಿದ. ಛಂದಸ್ಸಿಗೆ ಹೊಂದಬೇಕಾದರೆ ಒಂದೇ ಅರ್ಥದ ಬೇರೆ ಬೇರೆ ಅಳತೆಯ ಪದಗಳನ್ನು ಹುಡುಕಲೇಬೇಕು. ನಮ್ಮ ಕವಿಗಳಿಗೆ ಕೋಶಗಳು ಬೇಕಾದದ್ದೂ ಇದೇ ಕಾರಣಕ್ಕೆ.

ನಮಗೆ ಇದರ ಇನ್ನೊಂದು ರೂಪ ಸಾಧ್ಯ, ಅದು ಅನುವಾದ. ಇಂಗ್ಲಿಷ್ ಲೇಖನದ ಒಂದು ಪ್ಯಾರಾವನ್ನು ಕನ್ನಡಕ್ಕೆ ತಂದು, ವಾರದ ಮೇಲೆ ಆ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಒಯ್ದು, ಮೂಲದ ಪಕ್ಕದಲ್ಲಿಟ್ಟು ನೋಡಬೇಕು. ಎಲ್ಲಿ ಪದ ಒದಗಲಿಲ್ಲ, ಎಲ್ಲಿ ಸಂಗ ತಪ್ಪಿತು, ಎಲ್ಲಿ ನೆಲೆ ತಪ್ಪಿತು ಎಂದು ಆಗ ಕಾಣುತ್ತದೆ. ನಮ್ಮ ಸಾಹಿತ್ಯದ ಇತಿಹಾಸ ಈ ದಾರಿಯ ಫಲವನ್ನು ತೋರಿಸಿದೆ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಗೀತಗಳನ್ನು ಕನ್ನಡಿಸಿ ಹೊಸ ಕಾವ್ಯಕ್ಕೆ ದಾರಿ ತೆರೆದರು. ವಿ. ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಯು. ಆರ್. ಅನಂತಮೂರ್ತಿ ತರಗತಿಯಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡವನ್ನು ಬೆಳೆಸಿದರು. ಎ. ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಕೊಟ್ಟರು. ಬಾನು ಮುಷ್ತಾಕ್ ಅವರ ಕಥೆಗಳ ದೀಪಾ ಭಾಸ್ತಿಯವರ ಅನುವಾದ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆಯಿತು. ಎರಡು ಭಾಷೆಗಳಲ್ಲೂ ಪದದ ಬಳಗ, ಸಂಗ, ನೆಲೆಗಳನ್ನು ಬಲ್ಲವರು ಮಾತ್ರ ಇಂಥ ಕೆಲಸ ಮಾಡಬಲ್ಲರು.

ಮಿತ್ರರೆ, ಮುಗಿಸುವ ಮೊದಲು ಈ ಸಭೆಯ ಮುಂದೆ ಮೂರು ಬೇಡಿಕೆಗಳನ್ನು ಇಡುತ್ತೇನೆ. ಮೊದಲನೆಯದು, ಪ್ರತಿ ಪ್ರೌಢಶಾಲೆಯಲ್ಲೂ ಕಾಲೇಜಿನಲ್ಲೂ ಒಂದು ಇಂಗ್ಲಿಷ್-ಕನ್ನಡ ನಿಘಂಟು, ಒಂದು ಕಲಿಯುವವರ ಇಂಗ್ಲಿಷ್ ನಿಘಂಟು, ಒಂದು ಕನ್ನಡ ನಿಘಂಟು ವಿದ್ಯಾರ್ಥಿಗಳ ಕೈಗೆ ಎಟಕುವ ಕಡೆ ಇರಲಿ, ಬೀರುವಿನ ಬೀಗದ ಹಿಂದೆ ಇರುವುದು ಬೇಡ. ಅವನ್ನು ನೋಡುವ ಕ್ರಮವನ್ನು ತರಗತಿಯಲ್ಲೇ ಕಲಿಸಲಿ. ಎರಡನೆಯದು, ಕನ್ನಡ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ತಿಂಗಳಿಗೊಮ್ಮೆಯಾದರೂ ಜೊತೆಯಾಗಿ ಪಾಠ ಮಾಡಲಿ. ಸಂಧಿ, ಉಪಸರ್ಗ, ತತ್ಸಮ, ತದ್ಭವ ಪಾಠಗಳ ಪಕ್ಕದಲ್ಲೇ ಇಂಗ್ಲಿಷ್ ಪದರಚನೆಯ ಪಾಠ ನಡೆದರೆ ಎರಡೂ ಬೆಳಗುತ್ತವೆ. ಮೂರನೆಯದು ವಿದ್ಯಾರ್ಥಿಗಳಿಗೆ. ಇಂದೇ ಒಂದು ಪುಸ್ತಕ ತೆರೆದು, ದಿನಕ್ಕೆ ಮೂರು ಪದಗಳನ್ನು, ಅವು ಬಂದ ವಾಕ್ಯದ ಸಮೇತ, ಅವುಗಳ ಕನ್ನಡ ಅರ್ಥದ ಸಮೇತ ಬರೆದುಕೊಳ್ಳಲು ತೊಡಗಿ. ನಿಮಗೆ ಕನ್ನಡ ಬರುತ್ತದೆ ಎಂಬುದನ್ನು ಕೊರತೆಯೆಂದು ಎಂದೂ ಭಾವಿಸಬೇಡಿ. ಇಂಗ್ಲಿಷಿನ ಉನ್ನತ ಪದಸಂಪತ್ತಿಗೆ ಬೇಕಾದ ವ್ಯಾಕರಣದ ದೃಷ್ಟಿ, ಪದಗಳ ಸೂಕ್ಷ್ಮಭೇದದ ಅರಿವು, ಔಚಿತ್ಯದ ಪ್ರಜ್ಞೆ ಇವನ್ನೆಲ್ಲ ನಿಮ್ಮ ಭಾಷೆ ನಿಮಗೆ ಕೊಟ್ಟಾಗಿದೆ. ಇನ್ನು ಬೇಕಾದದ್ದು ದಿನದಿನದ ದುಡಿಮೆ. ಅದನ್ನು ನೀವು ಮಾಡುತ್ತೀರಿ ಎಂಬ ನಂಬಿಕೆ ನನಗಿದೆ.